ಸವಳು ನೀರಿನ ಊರಲ್ಲಿ ಆರ್‌ಒ ಘಟಕ: ಮೆಂಬ್ರೇನ್ ಬಾಳಿಕೆ ಬರುವಂತೆ ನಡೆಸುವುದು ಹೇಗೆ

ವಿಜಯಪುರ, ಬಾಗಲಕೋಟೆ ಕಡೆಯ ಹಳ್ಳಿಯಲ್ಲಿ ಶುದ್ಧ ಕುಡಿಯುವ ನೀರಿನ ಘಟಕ ನಿಂತಿತೆಂದರೆ ಕೇಳಿಬರುವ ಮಾತು ಒಂದೇ: "ಮೆಂಬ್ರೇನ್ ಹೋಗ್ಯಾವ್ರೀ." ಹೋಗಿರುವುದು ನಿಜ, ಆದರೆ ಮೆಂಬ್ರೇನ್ (ನೀರನ್ನು ದಾಟಿಸಿ ಉಪ್ಪನ್ನು ತಡೆಯುವ ತೆಳು ಪೊರೆಯ ಸುರುಳಿ) ತಾನಾಗಿ ಹೋಗುವುದು ಅಪರೂಪ. ಮರಳಿನ ಫಿಲ್ಟರನ್ನು ವಾರಗಟ್ಟಲೆ ತೊಳೆದಿರುವುದಿಲ್ಲ, ಆ್ಯಂಟಿಸ್ಕೇಲಂಟ್ (ಮೆಂಬ್ರೇನಿನಲ್ಲಿ ಹರಳು ಕಟ್ಟದಂತೆ ಹಾಕುವ ಔಷಧ) ಡಬ್ಬಿ ಖಾಲಿಯಾದದ್ದನ್ನು ಯಾರೂ ನೋಡಿರುವುದಿಲ್ಲ, ಬ್ಲೀಚಿಂಗ್ ಪುಡಿ ಹಾಕಿದ ಟ್ಯಾಂಕಿನ ನೀರನ್ನು ನೇರವಾಗಿ ಒಳಗೆ ಬಿಟ್ಟಿರುತ್ತಾರೆ. ಸರಿಯಾಗಿ ನೋಡಿಕೊಂಡರೆ 3ರಿಂದ 5 ವರ್ಷ ನಡೆಯುವ ಮೆಂಬ್ರೇನ್ ಹೀಗಾದಾಗ ಕೆಲವೇ ತಿಂಗಳಲ್ಲಿ ಕೈಕೊಡುತ್ತದೆ. ಘಟಕದ ಆರೈಕೆಯೆಂದರೆ ಮುಕ್ಕಾಲು ಪಾಲು ಮೆಂಬ್ರೇನಿಗಿಂತ ಮುಂಚಿನ ಉಪಕರಣಗಳ ಆರೈಕೆ.

ಇಲ್ಲಿನ ಲೆಕ್ಕವೆಲ್ಲ ಗಂಟೆಗೆ 1000 ಲೀಟರ್ ಸಿಹಿನೀರು ಕೊಡುವ, 4 ಇಂಚು ದಪ್ಪ, 40 ಇಂಚು ಉದ್ದದ ನಾಲ್ಕು ಮೆಂಬ್ರೇನ್ ಇರುವ ಘಟಕದ್ದು. ಪೇಟೆಯಲ್ಲಿ ಇವನ್ನು "ನಾಲ್ವತ್ತು-ನಾಲ್ವತ್ತು" (4040) ಎಂದೇ ಕೇಳಿ ಪಡೆಯಬಹುದು. ಘಟಕ ನಡೆಸುವವರು, ಪಂಚಾಯಿತಿ ಸದಸ್ಯರು, ನೀರು ಸಮಿತಿಯವರು ಇದನ್ನು ಎದುರಿಗಿಟ್ಟುಕೊಂಡು ತಮ್ಮ ಘಟಕದ ಮುಂದೆ ನಿಂತು ಓದಿದರೆ ಹೆಚ್ಚು ಉಪಯೋಗ.

ಮೊದಲು ನೀರಿನ ಪರೀಕ್ಷೆ

ಡೋಣಿ ನದಿಯ ಆಜುಬಾಜಿನ ಊರುಗಳಲ್ಲಿ ನೀರು ಬಾಯಿಗಿಟ್ಟರೆ ಸಾಕು, ಸವಳು ಗೊತ್ತಾಗುತ್ತದೆ. ಆದರೆ ಎಲ್ಲ ದೋಷವೂ ನಾಲಿಗೆಗೆ ಸಿಗುವುದಿಲ್ಲ. ವಿಜಯಪುರ ಜಿಲ್ಲೆಯ ಬಹುಭಾಗ ದಖ್ಖನ್ನಿನ ಕರಿಕಲ್ಲು. ಅದರ ಬಿರುಕುಗಳಲ್ಲಿ ನಿಂತ ನೀರಿನಲ್ಲಿ ಗಡಸುತನ, ಬೈಕಾರ್ಬೊನೇಟ್, ಸಿಲಿಕಾ ಸೇರಿಕೊಂಡಿರುತ್ತವೆ. ತಾಳಿಕೋಟೆ, ಲೋಕಾಪುರ, ಬಾಗಲಕೋಟೆಯ ಸುಣ್ಣದಕಲ್ಲಿನ ನೆಲದಲ್ಲಿ ಗಡಸುತನವೇ ಮೊದಲ ಚಿಂತೆ. ಇಳಕಲ್, ಹುನಗುಂದದ ಕಡೆ ಗ್ರಾನೈಟ್ ಇದೆ. ಗ್ರಾನೈಟಿನ ಬೋರಿಗೆ ಫ್ಲೋರೈಡ್ ನೋಡದೆ ಏನನ್ನೂ ತೀರ್ಮಾನಿಸಬೇಡಿ. ಮುಧೋಳ, ಜಮಖಂಡಿಯ ಕಬ್ಬಿನ ಹೊಲಗಳ ನಡುವಿನ ಬೋರಿನಲ್ಲಿ ಗೊಬ್ಬರದಿಂದ ಇಳಿದ ನೈಟ್ರೇಟನ್ನು ಹುಡುಕಬೇಕು. ಒಂದೇ ಊರಿನ ಎರಡು ಬೋರಿನ ನೀರೂ ಒಂದೇ ಥರ ಇರುವುದಿಲ್ಲ. ಪಕ್ಕದ ಊರಿನ ಘಟಕವನ್ನು ನೋಡಿ ಅದರಂತೆಯೇ ಕಟ್ಟಿಸುವುದು ಮೊದಲ ತಪ್ಪು.

ಬೋರನ್ನು 15–20 ನಿಮಿಷ ಓಡಿಸಿ, ಪೈಪಿನಲ್ಲಿ ನಿಂತ ನೀರು ಹೋದಮೇಲೆ, ಅದೇ ನೀರಿನಿಂದ ಮೂರು ಸಲ ತೊಳೆದ ಪ್ಲಾಸ್ಟಿಕ್ ಕ್ಯಾನಿನಲ್ಲಿ 2 ಲೀಟರ್ ಹಿಡಿಯಿರಿ. ಫ್ಲೋರೈಡ್ ಪರೀಕ್ಷೆಗೆ ಗಾಜಿನ ಬಾಟಲಿ ಬೇಡ. ರೋಗಾಣು ಪರೀಕ್ಷೆಗೆ ಪ್ರಯೋಗಾಲಯದವರೇ ಕೊಡುವ ಶುದ್ಧೀಕರಿಸಿದ ಬಾಟಲಿ ಬಳಸಿ, ತಂಪಾಗಿಟ್ಟು 24 ಗಂಟೆಯೊಳಗೆ ಮುಟ್ಟಿಸಿ. ಕೇಳಬೇಕಾದ ಅಂಶಗಳು: ಪಿಎಚ್, ಟಿಡಿಎಸ್ (ಕರಗಿದ ಒಟ್ಟು ಲವಣ), ಒಟ್ಟು ಗಡಸುತನ, ಕ್ಷಾರತೆ, ಕ್ಲೋರೈಡ್, ಸಲ್ಫೇಟ್, ನೈಟ್ರೇಟ್, ಫ್ಲೋರೈಡ್, ಕಬ್ಬಿಣ, ಸಿಲಿಕಾ, ರಾಡಿ. ಸಿಲಿಕಾವನ್ನು ನೀವಾಗಿ ಕೇಳದಿದ್ದರೆ ಮಾಡದೆ ಬಿಡುವುದುಂಟು. ಕರಿಕಲ್ಲಿನ ಊರಿಗೆ ಅದು ಬೇಕೇ ಬೇಕು. ಮೇ ತಿಂಗಳಲ್ಲಿ ಒಮ್ಮೆ, ಮಳೆಗಾಲ ಮುಗಿದು ಅಕ್ಟೋಬರ್–ನವೆಂಬರಿನಲ್ಲಿ ಒಮ್ಮೆ ಪರೀಕ್ಷೆ ಮಾಡಿಸಿ.

ಫಲಿತಾಂಶವನ್ನು ಹೋಲಿಸಬೇಕಾದದ್ದು ಭಾರತೀಯ ಮಾನಕ 10500ರ (2012) ಜೊತೆ. ಲೀಟರಿಗೆ ಟಿಡಿಎಸ್ 500 ಮಿಲಿಗ್ರಾಂ ಒಪ್ಪುವ ಮಿತಿ, ಬೇರೆ ನೀರೇ ಇಲ್ಲದಿದ್ದರೆ 2000ದವರೆಗೆ. ಗಡಸುತನ 200 ಮತ್ತು 600. ಫ್ಲೋರೈಡ್ 1.0 ಮತ್ತು 1.5. ನೈಟ್ರೇಟಿಗೆ ಮಾತ್ರ 45 ಎಂಬ ಒಂದೇ ಗೆರೆ, ಅದರಲ್ಲಿ ಸಡಿಲಿಕೆ ಇಲ್ಲ.

ಯಾವ ಮೆಂಬ್ರೇನ್ ಬೇಕು ಎಂಬುದನ್ನು ಈ ಚೀಟಿಯೇ ಹೇಳುತ್ತದೆ. ಅಲ್ಟ್ರಾಫಿಲ್ಟರ್ ರಾಡಿ ಮತ್ತು ಬ್ಯಾಕ್ಟೀರಿಯಾ ತೆಗೆಯುತ್ತದೆ. ಕರಗಿದ ಉಪ್ಪು, ಫ್ಲೋರೈಡ್, ನೈಟ್ರೇಟ್ ಅದರೊಳಗಿಂದ ಸಲೀಸಾಗಿ ದಾಟಿಹೋಗುತ್ತವೆ. ಕೃಷ್ಣೆಯ ಅಥವಾ ಘಟಪ್ರಭೆಯ ನೀರು ಬರುವ ಊರಿಗೆ ಅಷ್ಟು ಸಾಕು, ಆರ್‌ಒ ಹಾಕಿ ಅರ್ಧ ನೀರನ್ನು ಚರಂಡಿಗೆ ಬಿಡುವುದು ಅನ್ಯಾಯ. ನ್ಯಾನೊಫಿಲ್ಟರ್ ಗಡಸುತನ, ಸಲ್ಫೇಟ್ ಚೆನ್ನಾಗಿ ತಡೆಯುತ್ತದೆ, ನೈಟ್ರೇಟ್ ಬಿಟ್ಟುಕೊಡುತ್ತದೆ. ಸವಳು, ಫ್ಲೋರೈಡ್, ನೈಟ್ರೇಟ್ ಮೂರನ್ನೂ ತಡೆಯಬೇಕಾದಲ್ಲಿ ಆರ್‌ಒ.

ಎಷ್ಟು ನೀರು, ಎಷ್ಟು ಹೊತ್ತು

500 ಮನೆಗೆ ದಿನಕ್ಕೊಂದು 20 ಲೀಟರಿನ ಕ್ಯಾನ್ ಎಂದರೆ 10,000 ಲೀಟರ್, ಅಂದರೆ ಈ ಘಟಕ 10 ಗಂಟೆ ಓಡಬೇಕು. ನಿಮ್ಮ ಊರಿಗೆ ಹೆಸ್ಕಾಂನ ಮೂರು ಫೇಸ್ ಕರೆಂಟ್ ನಿಜಕ್ಕೂ ಎಷ್ಟು ಹೊತ್ತು ಇರುತ್ತದೆ ಎಂದು ಒಂದು ವಾರ ಬರೆದಿಟ್ಟುಕೊಂಡು ಆಮೇಲೆ ಘಟಕದ ಗಾತ್ರ ಗೊತ್ತುಮಾಡಿ. ಅರ್ಧ ನೀರು ಸಿಹಿಯಾಗಿ ಬಂದು ಉಳಿದರ್ಧ ರಿಜೆಕ್ಟ್ ಆಗುವುದರಿಂದ ಬೋರು ದಿನಕ್ಕೆ 20,000 ಲೀಟರ್ ಕೊಡಬೇಕು, ಅದೂ ಬೇಸಿಗೆಯಲ್ಲಿ.

ರಿಜೆಕ್ಟ್ ಕಡಿಮೆ ಮಾಡಲು ವಾಲ್ವ್ ಬಿಗಿಮಾಡಿ ಮುಕ್ಕಾಲು ಪಾಲು ಸಿಹಿನೀರು ತೆಗೆಯುವ ಆಸೆ ಎಲ್ಲರಿಗೂ ಬರುತ್ತದೆ. ಕರಿಕಲ್ಲಿನ ನೀರಿಗೆ ಇದು ಅಪಾಯ. ಅರ್ಧ ತೆಗೆದಾಗ ಉಳಿದ ನೀರಿನಲ್ಲಿ ಉಪ್ಪು ಎರಡು ಪಟ್ಟಾಗುತ್ತದೆ, ಮುಕ್ಕಾಲು ತೆಗೆದಾಗ ನಾಲ್ಕು ಪಟ್ಟು. 25 ಡಿಗ್ರಿ ಬಿಸಿಯ ನೀರಿನಲ್ಲಿ ಸಿಲಿಕಾ ಲೀಟರಿಗೆ ಸುಮಾರು 120 ಮಿಲಿಗ್ರಾಂವರೆಗೆ ಮಾತ್ರ ಕರಗಿರುತ್ತದೆ. ಬೋರಿನಲ್ಲಿ 50 ಇದ್ದರೆ ಅರ್ಧ ತೆಗೆದಾಗ 100, ಮುಕ್ಕಾಲು ತೆಗೆದಾಗ 200. ಕಟ್ಟಿದ ಸಿಲಿಕಾ ಗಾಜಿನಂತೆ ಕೂರುತ್ತದೆ, ಯಾವ ಸಾಮಾನ್ಯ ಆಸಿಡ್ಡಿಗೂ ಬಿಡುವುದಿಲ್ಲ. ಆ ಮೆಂಬ್ರೇನ್ ಗುಜರಿಗೇ.

ಮೆಂಬ್ರೇನಿಗಿಂತ ಮುಂಚೆ

ನೀರು ಹೋಗುವ ದಾರಿ ಹೀಗೆ: ಕಚ್ಚಾ ನೀರಿನ ಟ್ಯಾಂಕ್, ಪಂಪ್, ಮರಳಿನ ಫಿಲ್ಟರ್, ಕಾರ್ಬನ್ ಫಿಲ್ಟರ್, ಆ್ಯಂಟಿಸ್ಕೇಲಂಟ್ ಡೋಸಿಂಗ್, 5 ಮೈಕ್ರಾನ್ ಕಾರ್ಟ್ರಿಜ್, ಹೈ ಪ್ರೆಶರ್ ಪಂಪ್, ಮೆಂಬ್ರೇನ್, ಯುವಿ ದೀಪ, ಸ್ಟೀಲ್ ಟ್ಯಾಂಕ್.

ಕಚ್ಚಾ ನೀರಿನ ಟ್ಯಾಂಕಿಗೆ ನೆರಳು ಬೇಕು. ಮೆಂಬ್ರೇನ್ ತಡೆಯುವುದು 45 ಡಿಗ್ರಿಯವರೆಗೆ. ನಮ್ಮ ಮೇ ತಿಂಗಳ ಬಿಸಿಲಲ್ಲಿ ಮಾಳಿಗೆಯ ಮೇಲಿನ ಕರಿ ಟ್ಯಾಂಕಿನ ನೀರು ಅದರ ಹತ್ತಿರಕ್ಕೆ ಹೋಗುತ್ತದೆ.

ಗಂಟೆಗೆ 2000 ಲೀಟರ್ ಒಳನೀರಿಗೆ 16 ಇಂಚು ಅಗಲ, 65 ಇಂಚು ಎತ್ತರದ ಮರಳಿನ ಫಿಲ್ಟರ್ ಸರಿಹೋಗುತ್ತದೆ. 13 ಇಂಚಿನದು ಅಗ್ಗ, ಆದರೆ ಅದರಲ್ಲಿ ನೀರು ಓಡಿಹೋಗುವುದರಿಂದ ರಾಡಿ ನಿಲ್ಲುವುದಿಲ್ಲ. ತಳಕ್ಕೆ ದಪ್ಪ ಗರಸು, ಮೇಲೆ ಸಣ್ಣ ಮರಳು, ಮೇಲಿನ ಮೂರನೇ ಒಂದು ಭಾಗ ಖಾಲಿ. ಬ್ಯಾಕ್‌ವಾಶ್ ಮಾಡುವಾಗ (ನೀರನ್ನು ಕೆಳಗಿನಿಂದ ಮೇಲಕ್ಕೆ ಹರಿಸಿ ತೊಳೆಯುವಾಗ) ಮರಳು ಮೇಲೆದ್ದು ಕುದಿಯಲು ಆ ಜಾಗ ಬೇಕು. ಹಲವು ಘಟಕಗಳಲ್ಲಿ ಯಾರ ಗಮನಕ್ಕೂ ಬಾರದ ತಪ್ಪು ಇಲ್ಲಿದೆ. ಈ ಮರಳು ಮೇಲೇಳಬೇಕಾದರೆ ಗಂಟೆಗೆ 4000–4500 ಲೀಟರ್ ಹರಿವು ಬೇಕು. ಕಚ್ಚಾ ನೀರಿನ ಪಂಪ್ ಬರೀ 2500 ಲೀಟರಿನದಾಗಿದ್ದರೆ ದಿನಾ ಬ್ಯಾಕ್‌ವಾಶ್ ಮಾಡಿದರೂ ಮರಳು ಕದಲುವುದಿಲ್ಲ, ಮಣ್ಣು ಒಳಗೇ ಗಟ್ಟಿಯಾಗಿ ಉಂಡೆ ಕಟ್ಟುತ್ತದೆ. ಬ್ಯಾಕ್‌ವಾಶ್ ನೀರನ್ನು ಬಕೆಟ್ಟಿನಲ್ಲಿ ಹಿಡಿದು ನಿಮಿಷಕ್ಕೆ ಎಷ್ಟು ಬರುತ್ತದೆ ಎಂದು ಅಳೆಯಿರಿ. 65–75 ಲೀಟರ್ ಬರಬೇಕು. ದಿನಕ್ಕೊಮ್ಮೆ 10–15 ನಿಮಿಷ, ಹೊರಬರುವ ನೀರು ತಿಳಿಯಾಗುವವರೆಗೆ ತೊಳೆಯಿರಿ. ಫಿಲ್ಟರಿನ ಹಿಂದಿನ ಮತ್ತು ಮುಂದಿನ ಗೇಜಿನ ವ್ಯತ್ಯಾಸ ಹೊಸದಿದ್ದಾಗಿನದಕ್ಕಿಂತ ಅರ್ಧ ಕೆ.ಜಿ. (ಚದರ ಸೆಂಟಿಮೀಟರಿಗೆ) ಹೆಚ್ಚಾಗಿದ್ದರೆ ಹೊತ್ತು ನೋಡದೆ ಆಗಲೇ ತೊಳೆಯಿರಿ.

ಕಾರ್ಬನ್ ಫಿಲ್ಟರಿನ ಕೆಲಸ ಕ್ಲೋರಿನ್ ಹಿಡಿಯುವುದು. ಆರ್‌ಒ ಮೆಂಬ್ರೇನಿನ ಮೇಲ್ಪದರ ಪಾಲಿಅಮೈಡ್. ಕ್ಲೋರಿನ್ ಅದನ್ನು ಸುಟ್ಟುಹಾಕುತ್ತದೆ, ಸುಟ್ಟದ್ದು ಮತ್ತೆ ಸರಿಹೋಗುವುದಿಲ್ಲ. ಒಳನೀರಿನಲ್ಲಿ ಲೀಟರಿಗೆ 0.1 ಮಿಲಿಗ್ರಾಂ ಕೂಡ ಇರಬಾರದು. ಆದ್ದರಿಂದ ಊರಿನ ಮೇಲ್ಮಟ್ಟದ ಟ್ಯಾಂಕಿನ ಬದಲು ಬೋರಿನಿಂದಲೇ ಘಟಕಕ್ಕೆ ಪ್ರತ್ಯೇಕ ಪೈಪ್ ಎಳೆಯುವುದು ಉತ್ತಮ. ಅದು ಆಗದಿದ್ದರೆ ನೀರಗಂಟಿ ಟ್ಯಾಂಕಿಗೆ ಬ್ಲೀಚಿಂಗ್ ಹಾಕಿದ ದಿನ ಘಟಕದವರಿಗೆ ತಿಳಿಸಲೇಬೇಕು. ಕಾರ್ಬನ್ ದಾಟಿದ ನೀರನ್ನು ಸಣ್ಣ ಸೀಸೆಯಲ್ಲಿ ಹಿಡಿದು ಆರ್ಥೋಟೋಲಿಡಿನ್ ಹನಿ ಹಾಕಿ: ತುಸು ಹಳದಿ ಕಂಡರೂ ಹೈ ಪ್ರೆಶರ್ ಪಂಪ್ ಶುರುಮಾಡಬೇಡಿ. ಪರೀಕ್ಷೆ ಮಾಡಿದ ನೀರನ್ನು ಯಾರೂ ಕುಡಿಯದಂತೆ ಚೆಲ್ಲಿಬಿಡಿ.

ಕಾರ್ಟ್ರಿಜ್ ಕೊಳೆಯಾದಾಗ ತೊಳೆದು ಮತ್ತೆ ಹಾಕಬಾರದು. ಬ್ರಷ್ಷಿನಿಂದ ಉಜ್ಜಿದ ಕಾರ್ಟ್ರಿಜ್ಜಿನ ನೂಲು ಸಡಿಲಾಗಿ, ಕೂತಿದ್ದ ಮಣ್ಣೆಲ್ಲ ಮೆಂಬ್ರೇನಿನ ಬಾಯಿಗೆ ಹೋಗುತ್ತದೆ. ಒತ್ತಡದ ವ್ಯತ್ಯಾಸ 1 ಕೆ.ಜಿ. ಮುಟ್ಟಿದಾಗ, ಇಲ್ಲವೇ ತಿಂಗಳಿಗೊಮ್ಮೆ, ಯಾವುದು ಮೊದಲೋ ಆಗ ಬದಲಿಸಿ. ವಾರದೊಳಗೇ ಕಟ್ಟಿಕೊಳ್ಳುತ್ತಿದ್ದರೆ ಮರಳಿನ ಫಿಲ್ಟರ್ ಕೆಲಸ ಮಾಡುತ್ತಿಲ್ಲವೆಂದೇ ಅರ್ಥ. ಕಾರ್ಟ್ರಿಜ್ ಕಂದುಬಣ್ಣಕ್ಕೆ ತಿರುಗಿದ್ದರೆ ಬೋರಿನ ಹಳೆಯ ಕಬ್ಬಿಣದ ಪೈಪನ್ನೂ ನೋಡಿ.

ಆ್ಯಂಟಿಸ್ಕೇಲಂಟಿನ ಲೆಕ್ಕವನ್ನು ಅಂದಾಜಿಗೆ ಬಿಡಬೇಡಿ. ಲೀಟರ್ ಒಳನೀರಿಗೆ 3 ಮಿಲಿಗ್ರಾಂ ಎಂದಿಟ್ಟುಕೊಂಡರೆ 2000 ಲೀಟರಿಗೆ ಗಂಟೆಗೆ 6 ಗ್ರಾಂ. ನಿಮ್ಮ ನೀರಿನ ಚೀಟಿ ತೋರಿಸಿದರೆ ಔಷಧ ಮಾರುವವರು ಸರಿಯಾದ ಪ್ರಮಾಣ ಹೇಳಬೇಕು. ಸಾಮಾನ್ಯವಾಗಿ 2ರಿಂದ 5ರೊಳಗೆ ಇರುತ್ತದೆ. 350 ಗ್ರಾಂ ಆ್ಯಂಟಿಸ್ಕೇಲಂಟಿಗೆ ಆರ್‌ಒ ನೀರು ಸೇರಿಸಿ ಒಟ್ಟು 7 ಲೀಟರ್ ಮಾಡಿ. ಈ ದ್ರಾವಣದ ಪ್ರತಿ ಲೀಟರಿನಲ್ಲಿ 50 ಗ್ರಾಂ ಇರುತ್ತದೆ, ಆದ್ದರಿಂದ ಡೋಸಿಂಗ್ ಪಂಪ್ ಗಂಟೆಗೆ 120 ಮಿಲಿಲೀಟರ್ ತಳ್ಳಬೇಕು. ದಿನಕ್ಕೆ 8 ಗಂಟೆ ಓಡಿದರೆ ಸುಮಾರು 1 ಲೀಟರ್ ಖರ್ಚು, ವಾರಕ್ಕೆ ಡಬ್ಬಿ ಮುಗಿಯುತ್ತದೆ. ಡಬ್ಬಿಯ ಮೈಮೇಲೆ ಲೀಟರಿನ ಗೆರೆ ಎಳೆದು ದಿನಾ ಮಟ್ಟ ನೋಡಿ. ಮಟ್ಟ ಇಳಿಯದಿದ್ದರೆ ಪಂಪ್ ಟಿಕ್ ಟಿಕ್ ಎನ್ನುತ್ತಿದ್ದರೂ ಔಷಧ ಹೋಗುತ್ತಿಲ್ಲ, ಕೊಳವೆಯಲ್ಲಿ ಗಾಳಿ ಸೇರಿರುತ್ತದೆ. ಹಾಗಿದ್ದಾಗ ಘಟಕ ನಿಲ್ಲಿಸಿ. ವಾರಕ್ಕಿಂತ ಹೆಚ್ಚು ದಿನಕ್ಕಾಗುವಷ್ಟು ದ್ರಾವಣ ಕಲಸಿಡಬೇಡಿ, ಅದರಲ್ಲಿಯೇ ಪಾಚಿಯಂಥ ಲೋಳೆ ಬೆಳೆಯುತ್ತದೆ.

ಶುರುಮಾಡುವುದು

ಹೊಸ ಮೆಂಬ್ರೇನ್ ಸೇರಿಸುವಾಗ ಹೌಸಿಂಗಿನ (ಮೆಂಬ್ರೇನ್ ಕೂರುವ ಕೊಳವೆ) ಮೇಲಿನ ಬಾಣದ ದಿಕ್ಕು ನೋಡಿ. ಮೆಂಬ್ರೇನಿನ ಹೊರಗಿರುವ ರಬ್ಬರ್ ಸೀಲ್ ನೀರು ಒಳಬರುವ ಕಡೆ ಇರಬೇಕು, ಅದರ ತೆರೆದ ಬಾಯಿ ಬರುವ ನೀರಿಗೆ ಎದುರಾಗಿರಬೇಕು. ತಿರುವುಮುರುವಾದರೆ ನೀರು ಪಕ್ಕದಿಂದಲೇ ಜಾರಿಹೋಗುತ್ತದೆ. ಓ-ರಿಂಗಿಗೆ (ಜೋಡಣೆ ಸೋರದಂತೆ ತಡೆಯುವ ರಬ್ಬರ್ ಬಳೆ) ಗ್ಲಿಸರಿನ್ ಮಾತ್ರ ಸವರಿ; ಗ್ರೀಸ್, ಎಣ್ಣೆ, ವ್ಯಾಸಲೀನ್ ಸೋಕಿಸಬಾರದು.

ದಿನದ ಕ್ರಮ ಇಷ್ಟು. ರಿಜೆಕ್ಟ್ ವಾಲ್ವನ್ನು ಪೂರ್ತಿ ತೆರೆಯಿರಿ. ಕಚ್ಚಾ ನೀರಿನ ಪಂಪ್ ಮಾತ್ರ ಓಡಿಸಿ 5 ನಿಮಿಷ ನೀರು ಹರಿಯಬಿಡಿ, ಒಳಗಿನ ಗಾಳಿ ಹೊರಹೋಗಲಿ. ಆಮೇಲೆ ಹೈ ಪ್ರೆಶರ್ ಪಂಪ್. ಈಗ ವಾಲ್ವನ್ನು ನಿಧಾನವಾಗಿ, ಅರ್ಧ ನಿಮಿಷ ತೆಗೆದುಕೊಂಡು, ಒತ್ತಡ 9–12 ಕೆ.ಜಿ. ಬರುವವರೆಗೆ ತಿರುಗಿಸಿ. ರೋಟಾಮೀಟರಿನಲ್ಲಿ (ಹರಿವು ಅಳೆಯುವ ಮಾಪಕ) ಸಿಹಿನೀರು ಗಂಟೆಗೆ 1000 ಲೀಟರ್, ರಿಜೆಕ್ಟ್ 1000 ತೋರಿಸಬೇಕು. ಗಾಳಿ ಇರುವಾಗ ಒಮ್ಮೆಲೇ ಒತ್ತಡ ಕೊಟ್ಟರೆ ಮೆಂಬ್ರೇನ್ ಸುರುಳಿ ಟೆಲಿಸ್ಕೋಪಿನಂತೆ ಮುಂದಕ್ಕೆ ಜಾರುತ್ತದೆ. ಮೊದಲ ಕೆಲವು ನಿಮಿಷದ ಸಿಹಿನೀರನ್ನು ಟ್ಯಾಂಕಿಗೆ ಸೇರಿಸಬೇಡಿ. ಮೆಂಬ್ರೇನ್ ಹೊಸದಿದ್ದರೆ ಒಂದು ಗಂಟೆಯದನ್ನು ಚೆಲ್ಲಿ. ರಾತ್ರಿ ನಿಲ್ಲಿಸುವ ಮುನ್ನ ವಾಲ್ವ್ ತೆರೆದು 5 ನಿಮಿಷ ತೊಳೆದು ನಿಲ್ಲಿಸಿ. ಕೇಂದ್ರೀಕೃತ ಉಪ್ಪುನೀರು ರಾತ್ರಿಯಿಡೀ ಒಳಗೆ ನಿಂತರೆ ಹರಳು ಕಟ್ಟುವುದು ಆ ಹೊತ್ತಿನಲ್ಲೇ.

ದಾಖಲೆ ಪುಸ್ತಕ

ಒಂದು ಇನ್ನೂರು ಪುಟದ ನೋಟ್‌ಬುಕ್ ಸಾಕು. ದಿನಾ ಒಂದೇ ಹೊತ್ತಿಗೆ, ಘಟಕ ಶುರುವಾಗಿ ಅರ್ಧ ಗಂಟೆಯಾದ ಮೇಲೆ, ಬರೆಯಬೇಕಾದದ್ದು: ಒಳನೀರಿನ ಬಿಸಿ, ಒಳಗಿನ ಒತ್ತಡ, ರಿಜೆಕ್ಟ್ ಒತ್ತಡ, ಸಿಹಿನೀರಿನ ಮತ್ತು ರಿಜೆಕ್ಟಿನ ಹರಿವು, ಒಳನೀರು, ಸಿಹಿನೀರು, ರಿಜೆಕ್ಟ್ ಮೂರರ ಟಿಡಿಎಸ್, ಆ್ಯಂಟಿಸ್ಕೇಲಂಟ್ ಮಟ್ಟ. ಮೆಂಬ್ರೇನ್ ಹೊಸದಾಗಿದ್ದಾಗಿನ ಮೊದಲ ವಾರದ ಅಂಕಿಗಳನ್ನು ದಪ್ಪ ಅಕ್ಷರದಲ್ಲಿ ಗೋಡೆಗೆ ಬರೆದಿಡಿ, ಎಲ್ಲ ಹೋಲಿಕೆಯೂ ಅದರೊಂದಿಗೇ. ಈ ಪುಸ್ತಕವಿಲ್ಲದ ಘಟಕದಲ್ಲಿ ಏನು ಕೆಟ್ಟಿದೆ ಎಂದು ಎಂಥ ತಜ್ಞರಿಗೂ ಹೇಳಲಾಗದು.

ಮೊದಲು ಮೀಟರುಗಳೇ ಸರಿಯಿವೆಯೇ ನೋಡಿ. ಒಳನೀರು 1800 ಟಿಡಿಎಸ್, ಸಿಹಿನೀರು 80, ಎರಡೂ ಹರಿವು ಸಮ ಇದ್ದರೆ ರಿಜೆಕ್ಟ್ ಸುಮಾರು 3500 ಇರಲೇಬೇಕು. ಒಳಗೆ ಹೋದ ಉಪ್ಪು ಎಲ್ಲಿಯೋ ಹೊರಬರಬೇಕಲ್ಲ! ರಿಜೆಕ್ಟ್ 2400 ತೋರಿಸಿದರೆ ಮೀಟರ್ ಸುಳ್ಳು ಹೇಳುತ್ತಿದೆ, ಇಲ್ಲವೇ ರೋಟಾಮೀಟರ್ ಸಿಕ್ಕಿಕೊಂಡಿದೆ.

ಸಿಹಿನೀರು ನಿಧಾನವಾಗಿ ಕಡಿಮೆಯಾಗುತ್ತ ಟಿಡಿಎಸ್ ತುಸು ತುಸು ಏರಿದರೆ ಹರಳು ಕಟ್ಟುತ್ತಿದೆ. ಹರಳು ಮೊದಲು ಕೂರುವುದು ನೀರು ಅತಿ ಉಪ್ಪಾಗಿರುವ ಕೊನೆಯ ಮೆಂಬ್ರೇನಿನಲ್ಲಿ. ಅದನ್ನು ಹೊರತೆಗೆದರೆ ಕೈಗೆ ಭಾರ ತಿಳಿಯುತ್ತದೆ, ತುದಿಯಲ್ಲಿ ಬಿಳಿ ಪುಡಿ ಕಾಣುತ್ತದೆ. ಒಳಗಿನ ಮತ್ತು ರಿಜೆಕ್ಟಿನ ಒತ್ತಡದ ಅಂತರ ಏರುತ್ತಿದ್ದು ಮೊದಲ ಮೆಂಬ್ರೇನಿನ ಬಾಯಿಗೆ ಲೋಳೆ ಅಥವಾ ಮಣ್ಣು ಹತ್ತಿದ್ದರೆ ಅದು ಮರಳು–ಕಾರ್ಬನ್ನಿನ ದೋಷ. ಸಿಹಿನೀರೂ ಹೆಚ್ಚು, ಟಿಡಿಎಸ್ಸೂ ಹೆಚ್ಚು ಎಂದಾದರೆ ಕ್ಲೋರಿನ್ ಸುಟ್ಟಿದೆ. ನೀರು ಜಾಸ್ತಿ ಬರುತ್ತಿದೆ ಎಂದು ಇಲ್ಲಿ ಸಂತೋಷಪಡುವವರೇ ಹೆಚ್ಚು. ನಿನ್ನೆ 80 ಇದ್ದ ಟಿಡಿಎಸ್ ಇಂದು ಏಕಾಏಕಿ 400 ಆದರೆ ಓ-ರಿಂಗ್ ಹರಿದಿದೆ: ಪ್ರತಿ ಹೌಸಿಂಗಿನ ಸಿಹಿನೀರನ್ನು ಬೇರೆ ಬೇರೆ ಲೋಟದಲ್ಲಿ ಹಿಡಿದು ಅಳೆದರೆ ಯಾವುದೆಂದು ಐದು ನಿಮಿಷದಲ್ಲಿ ಸಿಗುತ್ತದೆ. ಡಿಸೆಂಬರಿನ ಚಳಿಯಲ್ಲಿ ಹರಿವು ಇಳಿದರೆ ಗಾಬರಿ ಬೇಡ. ನೀರಿನ ಬಿಸಿ ಒಂದು ಡಿಗ್ರಿ ಇಳಿದರೆ ಸಿಹಿನೀರು ಸುಮಾರು 3 ಶೇಕಡಾ ಕಡಿಮೆಯಾಗುತ್ತದೆ.

ಟಿಡಿಎಸ್ ಮೀಟರ್ ಫ್ಲೋರೈಡ್ ತೋರಿಸುವುದಿಲ್ಲ, ನೈಟ್ರೇಟ್ ತೋರಿಸುವುದಿಲ್ಲ. ಹಳತಾದ ಮೆಂಬ್ರೇನಿನಲ್ಲಿ ಮೊದಲು ನುಸುಳುವುದರಲ್ಲಿ ನೈಟ್ರೇಟ್ ಒಂದು. ಬೋರಿನಲ್ಲಿ 150 ನೈಟ್ರೇಟ್ ಇದ್ದರೆ ಒಳ್ಳೆಯ ಮೆಂಬ್ರೇನ್ ಅದನ್ನು ಸುಮಾರು 20ಕ್ಕೆ ಇಳಿಸುತ್ತದೆ, ಸವೆದದ್ದರಲ್ಲಿ 50 ದಾಟಬಹುದು. ಆಗಲೂ ಟಿಡಿಎಸ್ ನೋಡಿದವರಿಗೆ ನೀರು ಚೆನ್ನಾಗಿಯೇ ಕಾಣುತ್ತದೆ. ಕೈಗೂಸುಗಳಿರುವ ಮನೆಗೆ ಹೋಗುವ ನೀರಿದು. ಮೂರು ತಿಂಗಳಿಗೊಮ್ಮೆ ಸಿಹಿನೀರನ್ನು ಈ ಎರಡಕ್ಕಾಗಿ ಪ್ರಯೋಗಾಲಯಕ್ಕೆ ಕಳಿಸಿ.

ಮೆಂಬ್ರೇನ್ ತೊಳೆಯುವುದು

ಸಿಹಿನೀರು 10–15 ಶೇಕಡಾ ಇಳಿದಾಗ, ಅಥವಾ ಒತ್ತಡದ ಅಂತರ ಅಷ್ಟು ಏರಿದಾಗ ತೊಳೆಯಿರಿ. ಅರ್ಧಕ್ಕೆ ಇಳಿಯುವವರೆಗೆ ಕಾದರೆ ತೊಳೆದೂ ಫಲವಿಲ್ಲ.

ಸುಣ್ಣದ ಹರಳಿಗೆ 60 ಲೀಟರ್ ಆರ್‌ಒ ನೀರಿಗೆ 1.2 ಕೆ.ಜಿ. ಸಿಟ್ರಿಕ್ ಆಸಿಡ್ ಕರಗಿಸಿ. ಪಿಎಚ್ 2ರಿಂದ 3ರ ನಡುವೆ ಇರಲಿ. 4 ಕೆ.ಜಿ. ಮೀರದ ಒತ್ತಡದಲ್ಲಿ 30 ನಿಮಿಷ ಸುತ್ತಿಸಿ, ಒಂದು ಗಂಟೆ ನೆನೆಯಬಿಡಿ, ಮತ್ತೆ 30 ನಿಮಿಷ ಸುತ್ತಿಸಿ. ಮೊದಲು ಹೊರಬರುವ ಕೊಳೆ ನೀರನ್ನು ಟ್ಯಾಂಕಿಗೆ ತಿರುಗಿಸದೆ ಚೆಲ್ಲಿ. ನಡುವೆ ಪಿಎಚ್ 0.5ರಷ್ಟು ಏರಿದರೆ ಆಸಿಡ್ ಹರಳನ್ನು ತಿನ್ನುತ್ತಿದೆ, ಇನ್ನಷ್ಟು ಸೇರಿಸಿ. ಲೋಳೆ ಇದ್ದರೆ ಮೊದಲು ಕಾಸ್ಟಿಕ್ ಸೋಡಾ: 60 ಲೀಟರಿಗೆ 20–30 ಗ್ರಾಂ ಸ್ವಲ್ಪಸ್ವಲ್ಪವಾಗಿ, ಪಿಎಚ್ 12 ದಾಟದಂತೆ, ನೀರು 30 ಡಿಗ್ರಿಗಿಂತ ಬಿಸಿಯಿರದಂತೆ. ಬೇಸಿಗೆಯಲ್ಲಿ ಇದನ್ನು ನಸುಕಿನಲ್ಲಿ ಮಾಡುವುದೇ ಸರಿ. ಪೂರ್ತಿ ತೊಳೆದ ಮೇಲೆಯೇ ಆಸಿಡ್. ಕೈಗವಸು, ಕನ್ನಡಕ ಕಡ್ಡಾಯ. ನೀರಿಗೆ ರಾಸಾಯನಿಕ ಹಾಕಬೇಕು, ರಾಸಾಯನಿಕಕ್ಕೆ ನೀರು ಹಾಕಬಾರದು. ಬ್ಲೀಚಿಂಗ್ ಪುಡಿಯ ಹತ್ತಿರ ಆಸಿಡ್ ಇಡಬೇಡಿ. ಎರಡೂ ಸೇರಿದರೆ ವಿಷಗಾಳಿ ಏಳುತ್ತದೆ.

ಸಿಹಿನೀರು, ರಿಜೆಕ್ಟ್ ನೀರು

ಟಿಡಿಎಸ್ 80ರ ನೀರು ಸಪ್ಪೆ. 95 ಲೀಟರ್ ಸಿಹಿನೀರಿಗೆ 1800 ಟಿಡಿಎಸ್ಸಿನ 5 ಲೀಟರ್ ಕಚ್ಚಾ ನೀರು ಬೆರೆಸಿದರೆ 166 ಆಗಿ ಕುಡಿಯಲು ಹಿತವಾಗುತ್ತದೆ. ಕಚ್ಚಾ ನೀರಿನ ಫ್ಲೋರೈಡ್ 2.4 ಇದ್ದು ಸಿಹಿನೀರಿನದು 0.15 ಇದ್ದರೆ ಬೆರೆತ ನೀರಿನದು 0.26 ಮಾತ್ರ. ಈ ಲೆಕ್ಕ ಹಾಕದೆ ಬೆರೆಸಬೇಡಿ. ಬೆರೆಸುವ ನೀರನ್ನು ಕಾರ್ಟ್ರಿಜ್ ದಾಟಿದ ಮೇಲೆ ತೆಗೆದು, ಯುವಿ ದೀಪಕ್ಕಿಂತ ಮುಂಚೆ ಸೇರಿಸಿ. ಯುವಿ ದೀಪ ಉರಿಯುತ್ತಿದ್ದರೂ 9000 ಗಂಟೆಯ ನಂತರ ಅದರ ಶಕ್ತಿ ಕುಂದಿರುತ್ತದೆ.

ಸ್ಟೀಲ್ ಟ್ಯಾಂಕನ್ನು 15 ದಿನಕ್ಕೊಮ್ಮೆ ತೊಳೆಯಿರಿ: 1000 ಲೀಟರಿಗೆ 200 ಗ್ರಾಂ ಬ್ಲೀಚಿಂಗ್ ಪುಡಿಯ ತಿಳಿ, ಒಂದು ಗಂಟೆ ನಿಲ್ಲಿಸಿ, ಚೆಲ್ಲಿ, ಎರಡು ಸಲ ಜಾಲಿಸಿ. ಮೆಂಬ್ರೇನಿನ ಕಡೆಯ ವಾಲ್ವ್ ಮುಚ್ಚಿದೆಯೇ ಎಂದು ಅದಕ್ಕೂ ಮೊದಲು ನೋಡಿ.

ರಿಜೆಕ್ಟ್ ನೀರನ್ನು ಎರೆಭೂಮಿಗೆ ಬಿಡಬಾರದು. ಈ ನೆಲ ನೀರು ಬಸಿಯುವುದಿಲ್ಲ, ಉಪ್ಪು ಮೇಲೇ ಉಳಿದು ಹೊಲ ಸವಳಾಗುತ್ತದೆ. ಬೋರಿನ ಪಕ್ಕ ಇಂಗುಗುಂಡಿ ತೋಡಿದರೆ ಅದೇ ಉಪ್ಪನ್ನು ಮತ್ತೆ ಎತ್ತಿ ಮತ್ತೆ ಸೋಸಿದಂತೆ. ಫ್ಲೋರೈಡ್ ಇರುವ ಊರಲ್ಲಿ ದನಗಳ ತೊಟ್ಟಿಗೂ ಬೇಡ: ಒಳನೀರಿನ 2.4 ರಿಜೆಕ್ಟಿನಲ್ಲಿ 4.6 ಆಗಿರುತ್ತದೆ, ಜಾನುವಾರಿಗೆ 2 ಮೀರಬಾರದು. ಒಂದು ಟ್ಯಾಂಕ್ ಕಟ್ಟಿ ಸಾರ್ವಜನಿಕ ಶೌಚಾಲಯಕ್ಕೆ, ಟ್ರ್ಯಾಕ್ಟರ್ ತೊಳೆಯಲು, ಮರಳಿನ ಫಿಲ್ಟರಿನ ಮೊದಲ ಬ್ಯಾಕ್‌ವಾಶಿಗೆ ಬಳಸಿ. ಸಲಾಕಿ ಹಾಕಿದ ಕಾಂಕ್ರೀಟಿಗೆ ಈ ನೀರು ಸಲ್ಲದು.

ಘಟಕ ನಿಲ್ಲಿಸಬೇಕಾದಾಗ

ಮೋಟಾರು ಸುಟ್ಟಿತು, ಬೋರು ಬತ್ತಿತು, ಬಿಲ್ ಕಟ್ಟದೆ ಕರೆಂಟ್ ಹೋಯಿತು: ಘಟಕ ನಿಲ್ಲುವುದಕ್ಕೆ ಕಾರಣ ಹಲವು. ಎರಡು ದಿನಕ್ಕಿಂತ ಹೆಚ್ಚು ನಿಂತರೆ ಒಳಗೆ ಲೋಳೆ ಬೆಳೆಯತೊಡಗುತ್ತದೆ. ಒಂದು ವಾರದೊಳಗೆ ಶುರುವಾಗುವುದಿದ್ದರೆ ದಿನ ಬಿಟ್ಟು ದಿನ ಅರ್ಧ ಗಂಟೆ ತೊಳೆದರೆ ಸಾಕು. ಇನ್ನೂ ಹೆಚ್ಚು ದಿನವಾದರೆ 60 ಲೀಟರ್ ಆರ್‌ಒ ನೀರಿಗೆ 600 ಗ್ರಾಂ ಸೋಡಿಯಂ ಮೆಟಾಬೈಸಲ್ಫೈಟ್ ಕರಗಿಸಿ ಹೌಸಿಂಗ್ ತುಂಬಿ, ಎಲ್ಲ ವಾಲ್ವ್ ಮುಚ್ಚಿ. ತಿಂಗಳಿಗೊಮ್ಮೆ ಪಿಎಚ್ ನೋಡಿ, 3ಕ್ಕಿಂತ ಕೆಳಗಿಳಿಯುವ ಮೊದಲೇ ದ್ರಾವಣ ಬದಲಿಸಿ. ಒಮ್ಮೆ ಒದ್ದೆಯಾದ ಮೆಂಬ್ರೇನ್ ಒಣಗಲೇಬಾರದು. ಮತ್ತೆ ಶುರುಮಾಡಿದ ದಿನ ಒಂದು ಗಂಟೆಯ ಸಿಹಿನೀರನ್ನು ಚೆಲ್ಲಿ, ಟಿಡಿಎಸ್ ಹಳೆಯ ಅಂಕಿಗೆ ಬಂದದ್ದನ್ನು ಪುಸ್ತಕದಲ್ಲಿ ಬರೆದು, ರೋಗಾಣು ಪರೀಕ್ಷೆಯ ಚೀಟಿ ಕೈಗೆ ಬಂದ ಮೇಲೆ ನಲ್ಲಿ ತೆರೆಯಿರಿ.